ಓಡುವುದು ಎಡಗೈ, ಒದೆಯುವುದು ಬಲಗೈ

ನನಗೊಂದು ಕೆಟ್ಟ ಚಟವಿದೆ. ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಯಾರಾದರೂ ಮೊಬೈಲ್ ಹಿಡಿದು ಆಟವಾಡುತ್ತಿದ್ದರೆ ಅವರ ಹೆಬ್ಬೆರಳನ್ನೇ ನೋಡುತ್ತ ನಿಂತುಬಿಡುತ್ತೇನೆ. ಮೊನ್ನೆ ಡೊಂಬಿವಲಿಯಲ್ಲಿ ಹತ್ತಿ ಠಾಣೆಯವರೆಗೆ ಹೀಗೇ ಆಯಿತು. ನನಗೆ ಒತ್ತಿಕೊಂಡು ನಿಂತಿದ್ದ ಕಾಲೇಜು ಹುಡುಗನೊಬ್ಬ ಫುಟ್‌ಬಾಲ್ ಆಟದಲ್ಲಿ ಮುಳುಗಿದ್ದ. ಬೆನ್ನಿನ ಚೀಲ ಎದೆಗೆ ಬಂದಿತ್ತು, ಚೀಲದ ಮೇಲೆ ಫೋನು, ಫೋನಿನ ಮೇಲೆ ಎರಡು ಹೆಬ್ಬೆರಳು. ಮುಂಬ್ರಾ ದಾಟುವಾಗ ಅವನ ಬಲ ಹೆಬ್ಬೆರಳು ಪಟ್ಟನೆ ಒತ್ತಿತು, ಚೆಂಡು ಬಲೆಗೆ ಬಿತ್ತು. ನನಗರಿವಿಲ್ಲದೆ "ಶಾಬಾಸ್" ಅಂದುಬಿಟ್ಟೆ. ಅವನು ಬೆಚ್ಚಿ ತಲೆಯೆತ್ತಿದ.

"ಅಂಕಲ್, ಆಪ್ ಭೀ ಖೇಲತೇ ಹೋ ಕ್ಯಾ?"

"ಮೈ ನಹೀಂ. ಮೇರೆ ಮಾಮಾ ಖೇಲತೇ ಹೈಂ" ಅಂದೆ. ಆಡುವುದು ನಾನಲ್ಲ, ನನ್ನ ಸೋದರಮಾವ.

ಹುಡುಗ ನನ್ನ ಕಿವಿಯಂಚಿನ ನರೆಗೂದಲನ್ನು ನೋಡಿದ. ಈ ಮನುಷ್ಯನೇ ಹೀಗಿದ್ದರೆ ಇವನ ಮಾವನಿಗೆ ವಯಸ್ಸೆಷ್ಟಿರಬಹುದು ಎಂದು ಲೆಕ್ಕ ಹಾಕಿದನೋ ಏನೋ, ಒಂದು ಸಭ್ಯ ನಗೆ ನಕ್ಕು ಮತ್ತೆ ಫೋನಿಗೆ ಬಗ್ಗಿದ. ಅವನನ್ನು ಹಿಡಿದು ನಿಲ್ಲಿಸಿ ಪೂರ್ತಿ ಕಥೆ ಹೇಳಬೇಕೆನಿಸಿತು. ಆದರೆ ಠಾಣೆಯಲ್ಲಿ ಇಳಿಯುವವರು ಕಥೆ ಕೇಳಲು ನಿಲ್ಲುವುದಿಲ್ಲ. ನೀವಾದರೆ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಸಂಜೀವ ಮಾವ ನನ್ನ ಅಮ್ಮನ ಅಣ್ಣ. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಹಗಲು ದುಡಿದು, ಸಂಜೆಯ ಮೇಲೆ ರಾತ್ರಿ ಶಾಲೆಯಲ್ಲಿ ಓದಿದವರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾದ ಗದ್ದಲ ಶುರುವಾಗುವ ನಡುವೆ ಹೋಟೆಲ್ ಹುಡುಗರಿಗೆ ಒಂದಿಷ್ಟು ಬಿಡುವು. ಉಳಿದವರು ಆ ಹೊತ್ತಿನಲ್ಲಿ ಮೇಜುಗಳ ಮೇಲೆ ಉದ್ದಕ್ಕೆ ಬಿದ್ದು ನಿದ್ದೆ ಹೊಡೆದರೆ, ಮಾವ ಮತ್ತು ಅವರಂಥ ಕೆಲವರು ಮೈದಾನಕ್ಕೆ ಓಡುತ್ತಿದ್ದರು. ಬರಿಗಾಲಿನ ಫುಟ್‌ಬಾಲ್. ಅವರ ರಾತ್ರಿ ಶಾಲೆಯ ತಂಡದಲ್ಲಿ ಮಾವ ಬಲಬದಿಯ ಓಟಗಾರರು. ಇದನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ, ಯಾವ ಗೋಲಿನ ವರ್ಣನೆಯಲ್ಲಿ ಮಾವ ಕುರ್ಚಿಯಿಂದ ಏಳುತ್ತಾರೆ, ಯಾವುದರಲ್ಲಿ ಮೇಜು ಗುದ್ದುತ್ತಾರೆ ಎಂಬುದು ನಮ್ಮ ಮನೆಯ ಎಲ್ಲರಿಗೂ ಗೊತ್ತಿತ್ತು. ಅಮ್ಮ ಮುಂಚಿತವಾಗಿಯೇ ಲೋಟಗಳನ್ನು ಆಚೆ ಸರಿಸುತ್ತಿದ್ದಳು.

ಅಂಥವರ ಅಳಿಯನಾಗಿ ನಾನು ಹೇಗಿದ್ದೆ? ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಗಾಳಿ ಕುಡಿದು ಬೆಳೆದ ನನಗೆ ನಾಲ್ಕು ಹೆಜ್ಜೆ ಓಡಿದರೆ ಎದೆ ಸೀಟಿ ಊದುತ್ತಿತ್ತು. ಮಾವ ತಂದುಕೊಟ್ಟ ಚೆಂಡನ್ನು ನಾನು ಒದ್ದ ನೆನಪಿಗಿಂತ ಅದರ ಮೇಲೆ ಕೂತು ಬೇರೆಯವರ ಆಟ ನೋಡಿದ ನೆನಪೇ ಹೆಚ್ಚು. ಬಿಲ್ಡಿಂಗಿನ ಹುಡುಗರು ನನ್ನನ್ನು ಗೋಲ್‌ಕೀಪರ್ ಮಾಡುತ್ತಿದ್ದರು. ಕೌಶಲ ನೋಡಿ ಅಲ್ಲ, ಅಗಲ ನೋಡಿ. ಮಾವ ಬಾಲ್ಕನಿಯಿಂದ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಖುಷಿಯಲ್ಲಿದ್ದಾಗ ನಾನು ಅವರಿಗೆ "ಅಳಿಯರೇ", ಗೋಲು ಬಿಟ್ಟಾಗ "ಏ ಗೂಬೆ".

ಓದು ಮುಗಿದು ಎಂಐಡಿಸಿಯದೇ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಮಾಡಿದ ಮೊದಲ ದೊಡ್ಡ ಖರೀದಿ, ಟೀವಿಗೆ ಸಿಕ್ಕಿಸಿ ಆಡುವ ಗೇಮಿನ ಡಬ್ಬ. ಉಲ್ಹಾಸನಗರದ ಮಾರ್ಕೆಟ್ಟಿನ ಒಂದು ಸಣ್ಣ ಅಂಗಡಿಯಲ್ಲಿ, ಯಾರೋ ಬಳಸಿ ಬಿಟ್ಟದ್ದು. "ಇದರಲ್ಲಿ ಯಕ್ಷಗಾನದ ಸೀಡಿ ಹಾಕಬಹುದು" ಎಂದು ಅಮ್ಮನನ್ನು ಒಪ್ಪಿಸಿದ್ದೆ. ಯಕ್ಷಗಾನ ಒಂದೇ ಒಂದು ದಿನ ನಡೆಯಿತು. ಮರುದಿನದಿಂದ ಫುಟ್‌ಬಾಲ್. ಅಮ್ಮ ಬಹಳ ದಿನ ಅದನ್ನು ನಿಜವಾದ ಮ್ಯಾಚ್ ಅಂದುಕೊಂಡೇ ಇದ್ದಳು. ತೆಂಗಿನಕಾಯಿ ತುರಿಯುತ್ತ, "ಪಾಪ, ಅವರಿಗೆ ಒಂದು ದಿನವೂ ರಜೆ ಇಲ್ಲವಾ ಮಾರಾಯ?" ಎಂದು ಆಟಗಾರರ ಬಗ್ಗೆ ಮರುಗುತ್ತಿದ್ದಳು.

ಮಾವನಿಗೆ ಆ ಡಬ್ಬವೆಂದರೆ ಅಲರ್ಜಿ. ಅವರ ಮನೆ ಅದೇ ಬಿಲ್ಡಿಂಗಿನಲ್ಲಿ, ನಮ್ಮದಕ್ಕಿಂತ ಒಂದು ಮಹಡಿ ಕೆಳಗೆ. ಆಗ ಅವರು ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು. ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದವರು ಟೀವಿಯ ಕಡೆ ಬೆರಳು ತೋರಿಸಿ, "ಕೂತಲ್ಲಿಂದ ಎಂತ ಫುಟ್‌ಬಾಲ್? ಬೆವರು ಬರ್ತದಾ? ಹಸಿವಾಗ್ತದಾ?" ಎಂದು ಕೇಳುತ್ತಿದ್ದರು. ಹಸಿವಾಗುತ್ತಿತ್ತು. ಆದರೆ ಅದನ್ನು ಹೇಳುವ ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾವನ ಕೈಯಿಂದ ಚಹಾದ ಲೋಟ ಜಾರಿತು. ಎತ್ತಲು ಬಗ್ಗಿದವರು ಮತ್ತೆ ಏಳಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮರಳುವಾಗ ಮಾತು ತೊದಲದೆ ಬರುತ್ತಿತ್ತು, ಬಲಗಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಬಲಗೈ ಮಾತ್ರ ಅವರದಲ್ಲವೇನೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಸುಧಾರಿಸಲು ಅವಕಾಶವಿದೆ, ಆದರೆ ಕೈಗೆ ಕೆಲಸ ಕೊಡುತ್ತಲೇ ಇರಬೇಕು ಎಂದಿದ್ದರು ಡಾಕ್ಟರು.

ಫಿಜಿಯೋಥೆರಪಿಗೆ ಮೇಧಾ ಎಂಬ ಮರಾಠಿ ಹುಡುಗಿ ಮನೆಗೇ ಬರುತ್ತಿದ್ದಳು. ಬಹಳ ತಾಳ್ಮೆಯವಳು. ಮಾವನ ಬಲಗೈಯಲ್ಲಿ ಹಳದಿ ಬಣ್ಣದ ಮೆತ್ತಗಿನ ಚೆಂಡೊಂದನ್ನು ಇಟ್ಟು, "ಕಾಕಾ, ದಾಬಾ ನಾ, ಥೋಡಂ ದಾಬಾ" ಎಂದು ಒತ್ತಲು ಹೇಳುತ್ತಿದ್ದಳು. ಮಾವ ಒಮ್ಮೆ ಆ ಚೆಂಡನ್ನು ಎಡಗೈಯಿಂದ ಎತ್ತಿ ಕಿಟಕಿಯಾಚೆ ಎಸೆದರು. "ಇದು ಚೆಂಡಾ? ಇದು ಚೆಂಡಾ?" ಎಂದು ಕೇಳಿ, ಮುಖ ಗೋಡೆಯ ಕಡೆ ತಿರುಗಿಸಿದರು. ಊಟಕ್ಕೆ ಕೂತಾಗ ಎಡಗೈಯಲ್ಲಿ ಚಮಚ ಹಿಡಿಯಬೇಕಾಗಿತ್ತು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಬಾಗಿಲು ಹಾಕಿಸುತ್ತಿದ್ದರು. ಹೋಟೆಲಿನಲ್ಲಿ ಮೂಲೆಯ ಗಿರಾಕಿಗೂ ಕೇಳುವಂತೆ ಕೂಗುತ್ತಿದ್ದ ಗಂಟಲು, ನೀರು ಬೇಕೆಂದು ಹೇಳಲೂ ಬೇಸರಪಡುತ್ತಿತ್ತು.

"ಊರಿಗೆ ಹೋಗುವ" ಎಂದು ಶುರುಮಾಡಿದರು. "ಅಲ್ಲಿ ಒಂದು ಕೋಣೆ ಹಿಡಿದು ಸುಮ್ಮನೆ ಇರುವ."

ಸುಲೋಚನ ಮಾಮಿ, ಅಂದರೆ ಮಾವನ ಹೆಂಡತಿ, ಹೆಚ್ಚು ಮಾತಿನವರಲ್ಲ. ಅಂದು ಮಾತ್ರ ಅಂದರು: "ಸುಮ್ಮನೆ ಇರ್ಲಿಕ್ಕೆ ಅಷ್ಟು ದೂರ ಯಾಕೆ? ಅಲ್ಲಿ ನಿಮ್ಮನ್ನು ಗುರುತಿಸುವವರು ಯಾರಿದ್ದಾರೆ? ಇಲ್ಲಿ ತರಕಾರಿಯವನೂ ನಿಮ್ಮನ್ನು ವಿಚಾರಿಸ್ತಾನೆ."

"ವಿಚಾರಿಸುವುದೇ ಬೇಡ ಅಂತ" ಎಂದರು ಮಾವ.

ಮಾಮಿ ನಮ್ಮ ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತರು. ಅವರು ಅತ್ತದ್ದನ್ನು ನಾನು ಮೊದಲು ನೋಡಿರಲಿಲ್ಲ. ನವಿ ಮುಂಬಯಿಯಲ್ಲಿದ್ದ ಮಗಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಉಳಿದ ದಿನ ಮಾಮಿ ಒಬ್ಬರೇ. ಮಧ್ಯಾಹ್ನ ಸ್ವಲ್ಪ ಹೊತ್ತು ಭಜನೆಗೆ ಹೋಗಿ ಬಂದರೆ ಮನಸ್ಸು ಹಗುರವಾದೀತು ಎಂದು ಅಮ್ಮ ಒತ್ತಾಯಿಸಿದಳು. ಆ ಹೊತ್ತು ಮಾವನ ಹತ್ತಿರ ಕೂರುವ ಕೆಲಸ, ಬೆಳಗಿನ ಶಿಫ್ಟ್ ಮುಗಿಸಿ ಬರುವ ನನಗೆ ಬಂತು.

ಕೂರುವುದೆಂದರೇನು? ಮಾವ ಗೋಡೆ ನೋಡುತ್ತಿದ್ದರು, ನಾನು ಮಾವನನ್ನು ನೋಡುತ್ತಿದ್ದೆ. ಎರಡನೆಯ ದಿನಕ್ಕೇ ನನಗೆ ತಾಳಲಾಗಲಿಲ್ಲ. ಮೂರನೆಯ ದಿನ ಗೇಮಿನ ಡಬ್ಬವನ್ನು ಟವೆಲಿನಲ್ಲಿ ಸುತ್ತಿ ಕೆಳಗೆ ತಂದೆ. ಅವರಿಗೆ ಒಳ್ಳೆಯದಾಗಲಿ ಎಂಬ ಯಾವ ದೊಡ್ಡ ಯೋಚನೆಯೂ ಇರಲಿಲ್ಲ. ನನಗೆ ಆಡಬೇಕಿತ್ತು, ಅಷ್ಟೇ. ಟೀವಿಗೆ ಸಿಕ್ಕಿಸಿ, ಶಬ್ದ ಕಡಿಮೆ ಮಾಡಿ, ಅವರ ಬೆನ್ನ ಹಿಂದೆ ಆಡತೊಡಗಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ಕಿರ್ರೆಂದಿತು. ನಾನು ತಿರುಗಿ ನೋಡಲಿಲ್ಲ. ಮತ್ತೂ ಸ್ವಲ್ಪ ಹೊತ್ತಿಗೆ ಹಳೆಯ ಗಂಟಲು ಕೇಳಿಸಿತು:

"ಏ ಗೂಬೆ! ಬಲಗಡೆ ಅಷ್ಟು ಜಾಗ ಖಾಲಿ ಉಂಟಲ್ಲ, ಕಣ್ಣಿಲ್ಲವಾ ನಿನಗೆ?"

ಅಂದು ಇಡೀ ಬೈಗುಳವೇ. ಬಹಳ ದಿನಗಳ ಮೇಲೆ ಬೈಸಿಕೊಂಡ ನಾನು ಬೇಕೆಂದೇ ಇನ್ನೆರಡು ತಪ್ಪು ಮಾಡಿದೆ. ಮರುದಿನ ಅವರು ಎಡಗೈ ಚಾಚಿ, "ತಾ ಇಲ್ಲಿ" ಎಂದರು.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕೈಯಲ್ಲಿ ಹಿಡಿಯುವ ಸಾಧನಕ್ಕೆ ನಾವೆಲ್ಲ ರಿಮೋಟು ಎನ್ನುತ್ತಿದ್ದೆವು. ಅದರ ಎಡಬದಿಯಲ್ಲಿ ಒಂದು ಪುಟ್ಟ ಗುಬುಟು. ಅದನ್ನು ಎಡ ಹೆಬ್ಬೆರಳಿನಿಂದ ವಾಲಿಸಿದ ಕಡೆಗೆ ಆಟಗಾರ ಓಡುತ್ತಾನೆ. ಬಲಬದಿಯಲ್ಲಿ ಗುಂಡಿಗಳು, ಅವನ್ನು ಬಲ ಹೆಬ್ಬೆರಳು ಒತ್ತಿದರೆ ಆಟಗಾರ ಚೆಂಡನ್ನು ಒದೆಯುತ್ತಾನೆ, ಗೆಳೆಯನಿಗೆ ದಾಟಿಸುತ್ತಾನೆ. ಅಂದರೆ ಓಡುವುದು ಎಡಗೈ, ಒದೆಯುವುದು ಬಲಗೈ. ಮಾವನಿಗೆ ಓಡಲಿಕ್ಕಾಗುತ್ತಿತ್ತು. ಒದೆಯಲಿಕ್ಕಾಗುತ್ತಿರಲಿಲ್ಲ.

ಮಡಿಲಿನಲ್ಲಿ ದಿಂಬು, ದಿಂಬಿನ ಮೇಲೆ ರಿಮೋಟು. ಆಟ ಆರಂಭಿಸುವ ಮೊದಲ ಒದೆಯನ್ನು ನಾನು ಪಕ್ಕದಿಂದ ಕೈ ಚಾಚಿ ಒತ್ತಿಕೊಡುತ್ತಿದ್ದೆ. ಎದುರಾಳಿಯಿಂದ ಚೆಂಡು ಕಸಿದುಕೊಡುವುದೂ ನನ್ನ ಕೆಲಸ. ಆಮೇಲೆ ಮಾವನ ಸವಾರಿ. ಒಬ್ಬನೇ ಆಟಗಾರನನ್ನು ಹಿಡಿದು, ಯಾರಿಗೂ ಚೆಂಡು ಕೊಡದೆ, ಬಲಬದಿಯ ಗೆರೆಯ ಗುಂಟ ಮೈದಾನವಿಡೀ ಸುತ್ತುತ್ತಿದ್ದರು. ಅತಿ ಸುಲಭದ ಮಟ್ಟದಲ್ಲಿಟ್ಟ ಆಟ. ಎದುರಾಳಿಗಳು ಮದುವೆ ಮನೆಯಲ್ಲಿ ಪರಿಚಯವಿಲ್ಲದ ಬೀಗರಂತೆ ದೂರ ದೂರ ನಿಲ್ಲುತ್ತಿದ್ದರು. ಒಂದು ದಿನ ಗೋಲಿನ ಮುಂದೆ ಒದೆಯಬೇಕಾದಲ್ಲಿ ಮಾವ ಒದೆಯದೆ, ಕೀಪರನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚೆಂಡಿನ ಜೊತೆಗೇ ಬಲೆಯೊಳಗೆ ನಡೆದುಬಿಟ್ಟರು. ಗೋಲು!

ಅವರು ಹಾಕಿದ ಕೂಗಿಗೆ ಪಕ್ಕದ ಮನೆಯ ಆಜಿ ಓಡಿಬಂದು, "ಕಾಯ್ ಝಾಲಂ? ಕಾಯ್ ಝಾಲಂ?" ಎಂದು ಬಾಗಿಲು ಬಡಿದರು. ಏನಾಯಿತೆಂದು ಹೇಳುವುದು? ಭಜನೆ ಮುಗಿಸಿ ಬರುತ್ತಿದ್ದ ಮಾಮಿ ಮೆಟ್ಟಿಲಲ್ಲೇ ಆ ಕೂಗು ಕೇಳಿ, ಎದೆ ಹಿಡಿದುಕೊಂಡು ಒಳಗೆ ಬಂದರು. ಗಂಡ ನಗುತ್ತಿದ್ದರು. ಮಾಮಿ ಏನೂ ಕೇಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು, ಸೆರಗಿನಲ್ಲಿ ಮೂಗೊರೆಸಿಕೊಳ್ಳುವ ಸದ್ದು ಮಾತ್ರ ಕೇಳಿಸಿತು.

ಹೀಗೆ ಮಳೆಗಾಲ ಕಳೆಯಿತು. ಡೊಂಬಿವಲಿಯಲ್ಲಿ ಆಗ ಮಧ್ಯಾಹ್ನ ಕರೆಂಟು ಹೋಗುತ್ತಿದ್ದ ಕಾಲ. ಗೋಲಿನ ಮುಂದೆ ಕರೆಂಟು ಹೋದರೆ ವಿದ್ಯುತ್ ಇಲಾಖೆಯವರಿಗೂ ಗೂಬೆಯೇ ಬಿರುದು. ಊರಿಗೆ ಹೋಗುವ ಮಾತು ಕಡಿಮೆಯಾಯಿತು. ಆದರೆ ಬಲಗೈ ಮಾತ್ರ ದಿಂಬಿನ ಪಕ್ಕದಲ್ಲಿ ಬಿದ್ದೇ ಇತ್ತು. ಓಡುತ್ತಲೇ ಗೋಲಾಗುವಾಗ ಅದರ ಅಗತ್ಯವೇ ಬೀಳುತ್ತಿರಲಿಲ್ಲ. "ಕಾಕಾ ಖುಷಿಯಲ್ಲಿದ್ದಾರೆ, ಹಾತ್ ಮಾತ್ರ ಆಳಶೀ ಝಾಲಾ" ಎಂದು ಮೇಧಾ ನನ್ನೊಡನೆ ಕನ್ನಡ ಮರಾಠಿ ಬೆರೆಸಿ ದೂರಿದಳು. ಕೈ ಸೋಮಾರಿಯಾಗಿತ್ತು.

ಅಷ್ಟರಲ್ಲಿ ಆ ಆಟದ ಹೊಸ ಆವೃತ್ತಿ ಬಂತು. ವರ್ಷಕ್ಕೊಮ್ಮೆ ಬರುವುದೇ. ಆದರೆ ಆ ಸಲದ್ದರ ಸುದ್ದಿ ಬಹಳ ಜೋರಾಗಿತ್ತು. ಪಕ್ಕದ ವಿಂಗಿನ ನಿತಿನ್, ನಮ್ಮ ಕಡೆಯವನೇ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವನು, ಎರಡು ದಿನ ನಿದ್ದೆಗೆಟ್ಟು ಆಡಿ ಬಂದು ಮಾವನಿಗೆ ವರದಿ ಒಪ್ಪಿಸಿದ. ಆಟಗಾರರ ಮುಖಗಳು ಈಗ ಮನುಷ್ಯರ ಮುಖಗಳಂತಿವೆ. ಪ್ರೇಕ್ಷಕರು ಹಾಡುತ್ತಾರೆ. ಚೆಂಡು ಮೊದಲಿನಂತೆ ಕಾಲಿಗೆ ಅಂಟಿಕೊಂಡಿರುವುದಿಲ್ಲ, ತನ್ನಷ್ಟಕ್ಕೆ ಉರುಳುತ್ತದೆ. ಓಡಿ ಓಡಿ ಆಟಗಾರ ದಣಿಯುತ್ತಾನೆ.

"ಔರ್ ಕಾಕಾ, ಕೀಪರ್ ಏಕ್‌ದಮ್ ಸಾಲಿಡ್ ಹೈ ಇಸ್ ಬಾರ್! ಸೀದಾ ಪೈರ್ ಪೇ ಆತಾ ಹೈ" ಎಂದ ನಿತಿನ್.

ನಾನೂ ಅದರ ಡಿಸ್ಕ್ ತಂದು ಹಾಕಿದೆ. ಸೀದಾ ಕಾಲಿಗೇ ಬರುವ ಆ ಕೀಪರನ ಮಹಿಮೆ ಮಾವನಿಗೆ ಮೊದಲ ಆಟದಲ್ಲೇ ತಿಳಿಯಿತು. ಬಲಬದಿಯಲ್ಲಿ ಓಡಿ, ಪ್ರದಕ್ಷಿಣೆಗೆ ಹೊರಟರೆ, ಆ ಮನುಷ್ಯ ಗೋಲು ಬಿಟ್ಟು ಎದುರೇ ಧಾವಿಸಿ ಬಂದು, ಕಾಲಬುಡಕ್ಕೆ ಬಿದ್ದು ಚೆಂಡು ಅಪ್ಪಿಕೊಂಡ. ಇನ್ನೊಮ್ಮೆ ಹೋದರು, ಇನ್ನೊಮ್ಮೆ ಅಪ್ಪಿಕೊಂಡ. ಬಿಲ್ಡಿಂಗಿನ ಹುಡುಗರೆಲ್ಲ ಹೊಸ ಕೀಪರನನ್ನು ಹಾಡಿಹೊಗಳುತ್ತಿದ್ದರೆ, ಮಾವನ ಮನೆಯಲ್ಲಿ ಅವನ ಏಳು ತಲೆಮಾರಿಗೂ ಬೈಗುಳ. ಇಡೀ ವಾರ ಒಂದು ಗೋಲೂ ಆಗಲಿಲ್ಲ. ಆಮೇಲೆ ಮಾವ ರಿಮೋಟನ್ನು ದೂರ ತಳ್ಳಿ, "ನನ್ನದು ಮುಗಿಯಿತು" ಎಂದು ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಕೊಂಡರು.

ಯಾಕಾದರೂ ಈ ಹೊಸದನ್ನು ತಂದೆನೋ ಎನಿಸಿತು. ಮರುದಿನ ಹಳೆಯ ಡಿಸ್ಕನ್ನೇ ಒರೆಸಿ ತಂದು, "ಮಾವ, ನಮ್ಮ ಹಳೆಯದೇ ಹಾಕುವ. ಅದೇ ಚೆಂದ" ಎಂದೆ.

ಹೊರಗೆ ಹಳೇ ಸಾಮಾನು ಕೊಳ್ಳುವ ಭಂಗಾರದವನು ಕೂಗುತ್ತ ಹೋದ. ಆಮೇಲೆ ಮಾವ ಗೋಡೆಗೇ ಹೇಳುವವರಂತೆ ಅಂದರು:

"ಬೇಡ. ಅದರಲ್ಲಿ ಕೀಪರ್ ಪಾಪದವ. ಅವನಿಗೆ ಗೋಲು ಹೊಡೆದು ಎಂತ ಆಗ್ಲಿಕ್ಕುಂಟು? ಇವ ಸರಿಯಾದ ಕೀಪರ್. ನಮ್ಮ ಕಾಲದಲ್ಲೂ ಹೀಗೇ ಬರ್ತಿದ್ದರು, ಮೈಮೇಲೆ. ಹಾಗೆ ಬಂದರೆ ಒಂದೇ ದಾರಿ. ಅವ ಬರುವ ಮೊದಲೇ ಒದೆಯಬೇಕು."

ಹೀಗೆಂದು ಎಡಗೈಯಿಂದ ಬಲಗೈಯನ್ನು ಎತ್ತಿದರು. ನಿದ್ದೆ ಹೋದ ಮಗುವನ್ನು ಎತ್ತುವಂತೆ ಎತ್ತಿ, ರಿಮೋಟಿನ ಮೇಲೆ ಮಲಗಿಸಿ, ಹೆಬ್ಬೆರಳನ್ನು ಒದೆಯುವ ಗುಂಡಿಯ ಮೇಲೆ ಇಟ್ಟರು. "ಹಾಕು ಹೊಸದನ್ನೇ" ಎಂದರು.

ಆಮೇಲಿನ ವಾರಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಗೋಲಿನ ಮುಂದೆ ಹೋಗುವುದು, ಒತ್ತಲು ಹೋಗುವುದು, ಬೆರಳು ಏಳದಿರುವುದು, ಕೀಪರ್ ಬಂದು ಚೆಂಡು ಒಯ್ಯುವುದು. ಒಮ್ಮೊಮ್ಮೆ ಬೆರಳು ಅದುರುತ್ತಿತ್ತು, ಆದರೆ ತಡವಾಗಿ. ಆ ಹೊತ್ತಿಗೆ ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿರುತ್ತಿತ್ತು. ಮಾವನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ನಾನು ಪಕ್ಕದಿಂದ ಒತ್ತಿಕೊಡಲು ಕೈ ಚಾಚಿದರೆ ಎಡ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿಯುತ್ತಿದ್ದರು. ಮೇಧಾಗೆ ವಿಷಯ ತಿಳಿದದ್ದೇ ಅವಳು ಹಳದಿ ಚೆಂಡನ್ನು ಚೀಲದೊಳಗೆ ಹಾಕಿಕೊಂಡಳು. ನೆಲದ ಮೇಲೆ ಕೂತು, ಮಾವನ ಮಣಿಕಟ್ಟಿಗೆ ಆಧಾರ ಕೊಟ್ಟು, ಟೀವಿ ನೋಡುತ್ತ, "ಆತ್ತಾ, ಕಾಕಾ, ಆತ್ತಾ!" ಎಂದು, ಅಂದರೆ ಈಗ ಈಗ ಎಂದು, ಒದೆಯುವ ಗಳಿಗೆಯನ್ನು ಕೂಗಿ ಹೇಳತೊಡಗಿದಳು. ಫುಟ್‌ಬಾಲ್ ಅವಳಿಗೆ ಗೊತ್ತಿರಲಿಲ್ಲ. ನಮ್ಮ ಗೋಲು ಯಾವುದು ಎಂಬ ಗೊಂದಲವೂ ಅವಳಿಗೆ ಬಹಳ ದಿನ ಇತ್ತು.

ಗೋಲಾದ ದಿನ ಅವಳೂ ಇದ್ದಳು. ಅದೇನು ಚಂದದ ಗೋಲಲ್ಲ. ಕೀಪರ್ ಧಾವಿಸಿ ಬರುತ್ತಿದ್ದ, ಮೇಧಾ "ಆತ್ತಾ" ಎಂದಳು, ಮಾವನ ಹೆಬ್ಬೆರಳು ಕುಸಿದಂತೆ ಗುಂಡಿಯ ಮೇಲೆ ಇಳಿಯಿತು. ಚೆಂಡು ವಕ್ರವಾಗಿ ಹೋಗಿ ಎದುರು ತಂಡದವನೊಬ್ಬನ ಮೊಣಕಾಲಿಗೆ ಬಡಿದು, ದಾರಿ ತಪ್ಪಿದ ಮೇಕೆಯಂತೆ ತಿರುಗಿ ಬಲೆಯೊಳಗೆ ಹೊಕ್ಕಿತು. ನಾನೂ ಮೇಧಾಳೂ ಕಿರುಚಿದೆವು. ಮಾವ ಕಿರುಚಲಿಲ್ಲ. ಅವರು ಟೀವಿ ನೋಡುತ್ತಲೇ ಇರಲಿಲ್ಲ. ತಲೆ ತಗ್ಗಿಸಿ ತಮ್ಮ ಹೆಬ್ಬೆರಳನ್ನು ನೋಡುತ್ತಿದ್ದರು. ಅದನ್ನು ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆ.

"ಅವನ ಕಾಲಿಗೆ ಬಡಿದದ್ದಲ್ಲವಾ?" ಎಂದರು ಕೊನೆಗೆ.

"ಹೌದು ಮಾವ."

"ಅಡ್ಡಿಲ್ಲ. ಒದ್ದದ್ದು ನಾನು."

ಕೈ ಪೂರ್ತಿ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಇಂದಿಗೂ ಕಿರುಬೆರಳು ಮಡಚಿಯೇ ಇದೆ, ಕಾಲು ಸ್ವಲ್ಪ ಎಳೆಯುತ್ತದೆ. ಆದರೆ ದೀಪಾವಳಿ ಕಳೆದು ಚಳಿ ಬರುವ ಹೊತ್ತಿಗೆ ಅಂಗಿಯ ಮೇಲಿನ ಗುಂಡಿಗಳನ್ನು ತಾವೇ ಹಾಕಿಕೊಳ್ಳತೊಡಗಿದರು. ಒಂದು ಭಾನುವಾರ ಅಮ್ಮ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಮಾಮಿ ಅಭ್ಯಾಸದಂತೆ ಚಮಚ ಇಟ್ಟರು. ಮಾವ ಚಮಚ ಬದಿಗೆ ಸರಿಸಿ, ಬಲಗೈಯಿಂದ ಅನ್ನ ಕಲಸಿದರು. ಅರ್ಧ ಅಂಗಿಗೆ, ಅರ್ಧ ಬಾಯಿಗೆ. ನಾವೆಲ್ಲ ನಮ್ಮ ನಮ್ಮ ಬಟ್ಟಲಿನಲ್ಲಿ ಮೀನಿನ ಮುಳ್ಳು ಹುಡುಕುವವರಂತೆ ತಲೆ ತಗ್ಗಿಸಿ ಕೂತೆವು. ಅಮ್ಮ ಮಾತ್ರ "ಸಾರು ಇನ್ನೂ ಉಂಟು ಅಣ್ಣ" ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೊನೆಯ ಪ್ರಸಂಗ ಮರುವರ್ಷದ್ದು. ಅಂದು ಶಿಫ್ಟ್ ಬದಲಾಗಿ ನಾನು ಮಧ್ಯಾಹ್ನವೂ ಕಾರ್ಖಾನೆಯಲ್ಲಿದ್ದೆ. ಮಾಮಿಯ ಫೋನು ಬಂತು: "ಭಜನೆಯಿಂದ ಬಂದೆ, ಬಾಗಿಲಿಗೆ ಬೀಗ. ಇವರಿಲ್ಲ. ಚಪ್ಪಲಿಯೂ ಇಲ್ಲ." ಆಸ್ಪತ್ರೆಯ ನಂತರ ಮಾವ ಒಬ್ಬರೇ ಬಿಲ್ಡಿಂಗಿನ ಗೇಟು ದಾಟಿದವರಲ್ಲ. ನಾನು ರಜೆ ಹೇಳಿ ಓಡಿಬಂದೆ. ನಿತಿನ್ ಬೈಕಿನಲ್ಲಿ ಸ್ಟೇಷನ್ ಕಡೆ ಹೋದ. ಅಮ್ಮ ದೇವರಿಗೆ ತುಪ್ಪದ ದೀಪದ ಹರಕೆ ಹೇಳಿಕೊಂಡಳು. ಕಲ್ಯಾಣದ ಹೋಟೆಲಿಗೆ ಫೋನು ಮಾಡಿದರೆ ಅಲ್ಲಿಯೂ ಇಲ್ಲ. ಮಾಮಿ ಗೇಟಿನ ಹತ್ತಿರ ವಾಚ್‌ಮನ್ನನ ಸ್ಟೂಲಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದರು.

ಸಂಜೆಯ ಬೆಳಕಿನಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಮೊದಲು ಎಡಗಾಲು, ಆಮೇಲೆ ನಿಧಾನವಾಗಿ ಬಲಗಾಲು, ಆಮೇಲೆ ಮಾವ. ಅಂಗಿ ಬೆವರಿನಲ್ಲಿ ಒದ್ದೆ. ಬಲಗೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಎಲ್ಲಿಗೆ ಹೋಗಿದ್ದಿರಿ?" ಮಾಮಿ ಸ್ಟೂಲಿನಿಂದ ಎದ್ದು ಬಂದರು.

"ಉಲ್ಹಾಸನಗರಕ್ಕೆ. ಅಂಬರನಾಥ ಲೋಕಲ್ ಖಾಲಿ ಇತ್ತು."

"ಒಬ್ಬರೇ? ಲೋಕಲಿನಲ್ಲಿ? ಹೇಳಿ ಹೋಗ್ಲಿಕ್ಕೆ ಬಾಯಿ ಇರಲಿಲ್ಲವಾ ನಿಮಗೆ?"

"ಹೇಳಿದ್ದರೆ ನೀನು ಬಿಡ್ತಿದ್ದಿಯಾ?"

ಮಾಮಿಯ ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ತುಂಬಿತ್ತು. ನಾನು ಚೀಲದೊಳಗೆ ಇಣುಕಿದೆ. ಆ ವರ್ಷದ ಹೊಸ ಫುಟ್‌ಬಾಲ್ ಆಟ. ನಿತಿನ್‌ಗೂ ಇನ್ನೂ ಸಿಕ್ಕಿರಲಿಲ್ಲ. ಮಾಮಿ ಆ ಡಿಸ್ಕನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಒಂದು ವರ್ಷದಿಂದ ಮನೆಯಲ್ಲಿ ಆ ಆಟ ನಡೆಯುತ್ತಿದ್ದರೂ ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದವರಲ್ಲ ಅವರು.

"ಇಷ್ಟು ದೂರ ಸತ್ತುಕೊಂಡು ಹೋದಿರಲ್ಲ, ಹೊಸತು ಎಂತ ಉಂಟು ಇದರಲ್ಲಿ?" ಎಂದರು.

ಮಾವನ ಮುಖ ಅರಳಿತು. "ಈ ಸಲ ಮಳೆ ಬರ್ತದಂತೆ. ಮೈದಾನವಿಡೀ ಕೆಸರಾಗ್ತದಂತೆ. ಜಾರಿ ಬೀಳ್ತಾರೆ, ಅಂಗಿ ಚಡ್ಡಿ ಎಲ್ಲ ಮಣ್ಣಾಗ್ತದೆ ಅಂತ ಅಂಗಡಿಯವ ತೋರಿಸಿದ."

ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡನ ಬಲಗೈಯನ್ನು ಹಿಡಿದು ಮೆಟ್ಟಿಲಿನ ಕಡೆ ನಡೆಸುತ್ತ ಕೇಳಿದರು:

"ಅದನ್ನೆಲ್ಲ ಒಗೆಯುವುದು ಯಾರು?"